ಮರೆಖಿಯ ಮಗ

ಮರೆಖಿಯಾನಿಗಳ ಮನೆಗೆ ಊಟಕ್ಕೆ ಹೋದವರು ಆ ಮನೆತನದ ಹೆಸರಿನ ಕಥೆ ಕೇಳದೆ ಎದ್ದು ಬಂದದ್ದಿಲ್ಲ. ಮಾಂಸ ತುಂಬಿದ ರೊಟ್ಟಿ ಬಂದು, ಬಾರ್ಲಿ ಸಾರಾಯಿ ಒಂದು ಸುತ್ತು ಮುಗಿಯುತ್ತಿದ್ದಂತೆ ಮನೆಯ ಹಿರಿಯ ಗಂಟಲು ಸರಿಮಾಡಿಕೊಳ್ಳುತ್ತಾನೆ. ಮರೆಖಿ ಎಂಬವಳು ರಾಣಿಯ ಸಾಕುಮಗಳಂತೆ. ಹಿಮದ ಕಣಿವೆ ದಾಟಿ ದಂಡೆತ್ತಿ ಬಂದವರನ್ನು ಗೋಪುರದ ಮೇಲಿಂದ ಕಲ್ಲು ಉರುಳಿಸಿ ಓಡಿಸಿದಳಂತೆ. ಅದಕ್ಕೆ ಮೆಚ್ಚಿ ರಾಣಿಯೇ ಅವಳ ಹೆಸರನ್ನು ವಂಶಕ್ಕೆ ಇಟ್ಟಳಂತೆ. ಬರೀ ಅಂತೆ ಕಂತೆ. ಕೇಳುವವರು ತಲೆಯಾಡಿಸಿ ಲೋಟ ಎತ್ತುತ್ತಾರೆ. ಉಂಡ ಮನೆಯ ಜಂತೆ ಎಣಿಸಬಾರದಲ್ಲ. ಆದರೆ ಸ್ವಾನೇತಿ ಎಂಬ ಆ ಬೆಟ್ಟಸೀಮೆಯ ಮೇಲಿನ ಊರುಗಳ ಹೆಂಗಸರಿಗೆ ನಿಜ ಗೊತ್ತಿದೆ. ಗಂಡಸರ ಪಂಕ್ತಿಯಲ್ಲಿ ಅವರು ಅದನ್ನು ಹೇಳುವುದಿಲ್ಲ, ಹಿಟ್ಟು ನಾದುವಾಗ ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ. ಅದರಲ್ಲಿ ರಾಣಿಯೂ ಇಲ್ಲ, ದಂಡೂ ಇಲ್ಲ. ಒಬ್ಬಳು ಅತ್ತೆ, ಒಬ್ಬಳು ಸೊಸೆ, ಗೋಪುರದಲ್ಲಿ ಸಿಕ್ಕಿಬಿದ್ದ ಒಬ್ಬ ಹುಡುಗ ಇದ್ದಾರೆ.

ಸೊಸೆಯೇ ಮರೆಖಿ. ಲಾಖ್ರಿ ಊರಿನ ಲಷ್ಕಿಯಾನಿಗಳ ಮನೆಗೆ ಮದುವೆಯಾಗಿ ಬಂದವಳು. ಲಷ್ಕಿಯಾನಿಗಳಿಗೂ ಎದುರು ದಿಣ್ಣೆಯ ಕೊರ್ಶಿಯಾನಿಗಳಿಗೂ ರಕ್ತದ ಹಗೆ. ಯಾವ ಕಾಲದಲ್ಲೋ ಎತ್ತೊಂದು ಬೇಲಿ ಹಾರಿದ್ದಕ್ಕೆ ಶುರುವಾದದ್ದು. ಎತ್ತು ಸತ್ತು, ಬೇಲಿ ಕೊಳೆತು, ಹಗೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಮರೆಖಿಯ ಗಂಡ ತಾತಾಶ್ ಹುಲ್ಲು ಕೊಯ್ಯುವಾಗ ಬೆನ್ನಿಗೆ ಗುಂಡು ಬಿದ್ದು ಸತ್ತ. ಮೈದುನ ಊರು ಬಿಟ್ಟು ಓಡಿಹೋಗಿ ಬೇರೆ ಕಣಿವೆಯಲ್ಲಿ ಕುರಿ ಕಾಯುತ್ತಿದ್ದ. ಅವನನ್ನೂ ಅಲ್ಲಿಯ ಸಂತೆಯಲ್ಲಿ ಹುಡುಕಿ ಮುಗಿಸಿದರು. ಹಗೆ ಊರಿಗೆ ಅಂಟಿದ್ದಲ್ಲ, ಹೆಸರಿಗೆ ಅಂಟಿದ್ದು. ಎಲ್ಲಿ ಹೋದರೂ ಹೆಸರು ಜೊತೆಗೇ ಬರುತ್ತದೆ. ಇನ್ನೂ ಒಂದು ತಲೆ ಬಾಕಿ ಎಂದು ಕೊರ್ಶಿಯಾನಿಗಳು ಹೇಳುತ್ತಿದ್ದರು. ಆ ಹೆಸರಿನ ತಲೆ ಉಳಿದಿದ್ದದ್ದು ಒಂದೇ, ಮರೆಖಿಯ ಮಗ ಬಿಮುರ್ಜಾನದು.

ಕಟ್ಟಳೆಗಳೂ ಇದ್ದವು, ಇಲ್ಲವೆನ್ನಬಾರದು. ಹಗೆಯಲ್ಲಿ ಹೆಂಗಸರನ್ನು ಮುಟ್ಟುವಂತಿಲ್ಲ. ಅಲ್ಲಿ ಮನೆಮನೆಗೂ ಒಂದು ಕಲ್ಲಿನ ಕಾವಲುಗೋಪುರ. ತಮ್ಮ ಮನೆಯ ಗೋಪುರದೊಳಗೆ ಇರುವವರನ್ನು ಯಾರೇ ಆಗಲಿ ಮುಟ್ಟುವಂತಿಲ್ಲ. ಹಾಗಾಗಿ ಅಪ್ಪ ಸತ್ತ ದಿನ ಬಿಮುರ್ಜಾ ಗೋಪುರದ ಏಣಿ ಹತ್ತಿದ. ಆಗ ಅವನಿಗೆ ಮುಂದಿನ ಹಲ್ಲು ಬೀಳುತ್ತಿದ್ದವು. ಈಗ ಮೀಸೆ ಚಿಗುರುತ್ತಿತ್ತು. ಗೋಪುರಕ್ಕೆ ಅಂಟಿಕೊಂಡ ಕೆಳಮನೆಯಲ್ಲಿ ಒಲೆ, ದನ, ಅಜ್ಜಿ, ಅಮ್ಮ. ಕತ್ತಲೆ ಕವಿದು ಬಾಗಿಲಿಗೆ ಅಗುಳಿ ಬಿದ್ದ ಮೇಲೆ ಅಲ್ಲಿಗೆ ಇಳಿದು ಉಂಡು ಹೋಗುತ್ತಿದ್ದ. ಉಳಿದ ಹೊತ್ತೆಲ್ಲ ಮೇಲೆ. ಅಂಗೈಯಗಲದ ಕಿಂಡಿಯಿಂದ ಕಾಣುವ ಊರು ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ.

ಅವನು ನಡೆಯುವ ಸದ್ದು ಕೆಳಗೆ ಕೇಳುತ್ತಿತ್ತು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ತಿರುಗುವುದು, ಮತ್ತೆ ಅಲ್ಲಿಂದ ಇಲ್ಲಿಗೆ. ಮರೆಖಿ ರೊಟ್ಟಿ ತಟ್ಟುವಾಗ ಆ ಸದ್ದಿಗೇ ಅವಳ ಕೈ ಆಡುತ್ತಿತ್ತು. ಸದ್ದು ನಿಂತರೆ ಅವಳ ಕೈಯೂ ನಿಲ್ಲುತ್ತಿತ್ತು.

ಅವಳು ತಟ್ಟದ ಬಾಗಿಲಿಲ್ಲ. ಊರಿನ ಹಿರಿಯ ಗೆಲಾಖ್ಸಾನ್‌ನನ್ನು ಕೊರ್ಶಿಯಾನಿಗಳ ಬಳಿ ಸಂಧಾನಕ್ಕೆ ಕಳಿಸಿದಳು. ಹೊಲ ಕೊಡುತ್ತೇವೆ, ದನ ಕೊಡುತ್ತೇವೆ ಅಂದರೆ, ಹೊಲ ನಮಗೂ ಇದೆ ಅಂದರು. ತವರಿಗೆ ಹೋಗಿ ಅಣ್ಣನ ಕಾಲು ಹಿಡಿದಳು.

"ನಿನ್ನ ಹೆಸರು ಅವನಿಗೆ ಕೊಡೋ ಅಣ್ಣಾ. ದತ್ತು ತಗೊ. ನಿನ್ನ ಮನೆ ಮೂಲೇಲಿ ನಾಯಿ ಥರ ಬಿದ್ದಿರ್ತಾನೆ."

"ಅವನಿಗೆ ಹೆಸರು ಕೊಟ್ರೆ ಅವನ ಹಗೇನೂ ನಮ್ಮದಾಗುತ್ತೆ ಕಣೇ. ನಂಗೂ ಮೂರು ಗಂಡುಮಕ್ಳಿದಾವೆ. ನಾಳೆ ನಾನು ಮೂರು ಗೋಪುರ ಎಲ್ಲಿಂದ ಕಟ್ಸಲಿ?" ಎಂದ ಅಣ್ಣ. ತಂಗಿಗೆ ಒಂದು ಗಿಣ್ಣಿನ ಗಟ್ಟಿ ಕೊಟ್ಟು ಕಳಿಸಿದ. ಹೆಸರಿನ ಬದಲು ಗಿಣ್ಣು.

ಮನೆಯಲ್ಲಿದ್ದ ಅತ್ತೆ ಕೆಕೆಲಾಳಿಗೆ ಈ ಓಡಾಟವೆಲ್ಲ ಕಂಡರೆ ಆಗುತ್ತಿರಲಿಲ್ಲ. ಕೆಕೆಲಾ ಎಂದರೆ ಊರಿನ ನಾಯಿಗಳೂ ದಾರಿ ಬಿಡುವಂಥ ಹೆಂಗಸು. ಇಬ್ಬರು ಗಂಡುಮಕ್ಕಳನ್ನು ಮಣ್ಣಿಗಿಟ್ಟರೂ ಊರ ಮುಂದೆ ಅತ್ತವಳಲ್ಲ. ತಾತಾಶನ ರಕ್ತದಂಗಿಯನ್ನು ಒಗೆಯದೆ ಪೆಟ್ಟಿಗೆಯಲ್ಲಿಟ್ಟಿದ್ದಳು. ಸೇಡು ತೀರಿದ ಮೇಲೆಯೇ ಅದಕ್ಕೆ ನೀರು. ಮೊಮ್ಮಗ ಉಣ್ಣುವಾಗಲೆಲ್ಲ ಅವನಿಗೆ ಲಷ್ಕಿಯಾನಿಗಳ ಹಳೆಯ ಪ್ರತಾಪಗಳನ್ನು ಬಡಿಸುತ್ತಿದ್ದಳು.

"ತವರಿಂದ ಏನು ತಂದೆ?" ಎಂದಳು ಅಂದು.

"ಗಿಣ್ಣು."

"ಹೆಸರು ಬೇಡೋಕೆ ಹೋದೋಳು ಗಿಣ್ಣು ತಂದಳಂತೆ. ಹೆಸರೇನು ಕಡ ತರೋ ಒನಕೇನೇ? ಅವನಿಗೆ ಹೆಸರಿದೆ. ಗಂಡಸಾಗಿ ಹೊತ್ಕೊಳ್ಳೋದು ಅಷ್ಟೇ ಬಾಕಿ."

"ಹೊತ್ಕೊಂಡು ಸಾಯ್ಲಿ ಅಂತೀರಾ ಅತ್ತೆ?"

"ಎಲ್ರೂ ಸಾಯ್ತಾರೆ ಕಣೇ. ಸತ್ತೋರ ವಾರ ಬಂದಾಗ ಕರೆದು ತುತ್ತು ಇಡೋಕೆ ಆ ಹೆಸರಿನೋನು ಒಬ್ಬ ಇರಬೇಕು. ಇಲ್ದಿದ್ರೆ ನನ್ನ ಮಕ್ಳು ಯಾರ ಮನೆ ಬಾಗಿಲಲ್ಲಿ ನಿಲ್ಲಬೇಕು?"

ಚಳಿಗಾಲದ ನಡುವೆ ಸತ್ತವರ ವಾರ ಬರುತ್ತದೆ. ಬಾಗಿಲು ತೆರೆದಿಟ್ಟು, ಹೆಸರು ಹಿಡಿದು ಕರೆದು, ಊಟ ಇಟ್ಟು, ಅವರು ಉಣ್ಣುವ ತನಕ ಮನೆಯವರು ಅಲುಗಾಡದೆ ಕೂರುತ್ತಾರೆ. ಮರೆಖಿಗೂ ತಾತಾಶ್ ಬಂದು ಕೂತು ಉಣ್ಣುವುದು ಬೇಕಿತ್ತು. ಆದರೆ ಅವನ ಪಕ್ಕದಲ್ಲಿ ಮಗನಿಗೂ ತಟ್ಟೆ ಇಡುವಂತಾಗಬಾರದು.

ಆ ವರ್ಷ ವಾರಕ್ಕೆ ಸ್ವಲ್ಪ ಮುಂಚೆ ಒಂದು ಸಂಜೆ ಬಿಮುರ್ಜಾ ಊಟಕ್ಕೆ ಇಳಿದವನು ಕೈ ತೊಳೆಯದೆ ನಿಂತುಕೊಂಡ.

"ಅಜ್ಜಿ, ಅಪ್ಪನ ಅಂಗಿ ಕೊಡು."

"ಯಾಕೋ?"

"ಈ ಸಲ ಅಪ್ಪ ಊಟಕ್ಕೆ ಬರ್ತಾನಲ್ಲ, ಅದೇ ಅಂಗಿ ಹಾಕ್ಕೊಂಡು ಅವನ ಮುಂದೆ ಕೂರ್ತೀನಿ. ಮಾತು ಕೊಡ್ತೀನಿ. ವಾರ ಮುಗಿದ ಬೆಳಗ್ಗೆ ಈ ಬಾಗಿಲು ದಾಟ್ತೀನಿ. ಅವರಲ್ಲಿ ಒಬ್ಬನ್ನ ಹೊಡೀತೀನಿ, ಆಮೇಲೆ ಏನಾದ್ರೂ ಆಗ್ಲಿ."

"ಅಯ್ಯೋ, ಏನು ಮಾತು ಅಂತ ಆಡ್ತೀಯ ಬಿಮು!" ಮರೆಖಿಯ ಕೈಯಿಂದ ಸೌಟು ಬಿತ್ತು.

"ಅಮ್ಮಾ, ನಂಗೆ ಸಾಕಾಗಿದೆ. ಆ ಕಿಂಡೀಲಿ ಕಾಣೋ ಸೇಬಿನ ಮರ ಎಷ್ಟು ದೊಡ್ಡದು ಅಂತ ನಂಗೆ ಗೊತ್ತಿಲ್ಲ. ಅರ್ಧ ಮರ ಮಾತ್ರ ಕಾಣುತ್ತೆ. ಒಂದು ಸಲ ಇಡೀ ಮರ ನೋಡಿ ಸಾಯ್ತೀನಿ, ಬಿಡು."

ಕೆಕೆಲಾ ಪೆಟ್ಟಿಗೆ ತೆರೆದಳು. ಈ ದಿನಕ್ಕಾಗಿಯೇ ಕಾದವಳಲ್ಲವೆ. ಅಂಗಿ ತೆಗೆದು ತಾನೇ ಮೊಮ್ಮಗನಿಗೆ ತೊಡಿಸಿದಳು. ಒಣಗಿದ ರಕ್ತದಿಂದ ಬೆನ್ನಿನ ಬಟ್ಟೆ ಅಟ್ಟೆಯಂತೆ ಸೆಟೆದಿತ್ತು. ತೋಳು ಬೆರಳುಗಳನ್ನೂ ಮುಚ್ಚಿ ಜೋತುಬಿತ್ತು. ಬಿಸಿಲು ಕಾಣದ ಬಿಳಿಚಿಕೊಂಡ ಕುತ್ತಿಗೆ ಆ ಅಗಲ ಕೊರಳಪಟ್ಟಿಯಲ್ಲಿ ಕೋಳಿಮರಿಯ ಕತ್ತಿನಂತೆ ಕಂಡಿತು. "ತಿರುಗೋ, ನೋಡೋಣ" ಎಂದಳು ಮುದುಕಿ. ಅವನು ತಿರುಗಿದ. ಗುಂಡು ಹೊಕ್ಕ ತೂತಿನಿಂದ ಅವನ ಬೆನ್ನಿನ ಚರ್ಮ ಕಾಣುತ್ತಿತ್ತು.

ಕೆಕೆಲಾ ಆ ತೂತಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದಳು. ಬಹಳ ಹೊತ್ತು ತೆಗೆಯಲೇ ಇಲ್ಲ. ಅಂದು ಪ್ರತಾಪದ ಕಥೆ ಹೇಳಲಿಲ್ಲ, ಊಟವನ್ನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆಯೇ ಮರೆಖಿ ಗೆಲಾಖ್ಸಾನ್‌ನ ಮನೆಗೆ ಹೋದಳು. "ದೊಡ್ಡಪ್ಪಾ, ದೇವದೂತನ ಪಟ ಹೊರಗೆ ತರ್ಸಿ. ಕೊರ್ಶಿಯಾನಿಗಳನ್ನೂ ಕರೆಸಿ. ನಾನೊಂದು ಆಣೆ ಮಾಡ್ಬೇಕು."

"ಯಾವ ವಿಷಯಕ್ಕಮ್ಮಾ?"

"ಅಲ್ಲೇ ಹೇಳ್ತೀನಿ."

ಗೆಲಾಖ್ಸಾನ್ ಅವಳ ಮುಖ ನೋಡಿ ಎರಡನೇ ಮಾತು ಕೇಳಲಿಲ್ಲ. ಸ್ವಾನರು ಏನು ಬೇಕಾದರೂ ಆಟವಾಡಿಯಾರು, ದೇವದೂತನ ಬೆಳ್ಳಿಪಟದ ಜೊತೆ ಆಡುವುದಿಲ್ಲ. ಅದರ ಮೇಲೆ ಕೈಯಿಟ್ಟು ಸುಳ್ಳು ಹೇಳಿದವರ ವಂಶ ಒಣಗಿಹೋಗುತ್ತದೆ. ಅದಕ್ಕೇ ಅದರ ಮುಂದೆ ಆಡಿದ ಮಾತಿಗೆ ಎದುರು ಮಾತಿಲ್ಲ, ಹಗೆಯವನೂ ನಂಬಲೇಬೇಕು.

ಹೆಂಗಸರು ಗುಡಿಯೊಳಗೆ ಹೋಗುವಂತಿಲ್ಲ, ಪಟವನ್ನು ಹೊಸ್ತಿಲಿಗೆ ತಂದರು. ಗುಡಿಯ ಅಂಗಳ ಲಷ್ಕಿಯಾನಿಗಳ ಗೋಪುರದ ಕಾಲಡಿಗೇ ಇತ್ತು. ಒಂದು ಕಡೆ ಊರವರು, ಇನ್ನೊಂದು ಕಡೆ ಕೊರ್ಶಿಯಾನಿಗಳು, ನಡುವೆ ತುಳಿಯದ ಹಿಮ. ಕೆಕೆಲಾ ಕೋಲೂರಿಕೊಂಡು ಹೆಂಗಸರ ಹಿಂದೆ ನಿಂತಿದ್ದಳು. ಸೊಸೆ ಮತ್ತೆ ಅತ್ತು ಬೇಡಿಕೊಳ್ಳಲು ಹೊರಟಿದ್ದಾಳೆ ಎಂದೇ ಅವಳ ಎಣಿಕೆ.

ಕೊರ್ಶಿಯಾನಿಗಳ ಹಿರಿಯ ಒತಿಯಾನೂ ಹಾಗೇ ತಿಳಿದಿದ್ದ. "ಏನಮ್ಮಾ, ಕಣ್ಣೀರು ಸುರಿಸೋಕೆ ದೇವರನ್ನ ಚಳಿಗೆ ಎಳೆದು ತಂದ್ಯಾ? ಅಳೋದಾದ್ರೆ ಮನೇಲೇ ಅಳಬಹುದಿತ್ತು" ಎಂದ.

ಮರೆಖಿ ಪಟದ ಮುಂದೆ ಹೋಗಿ ನಿಂತಳು. ರಾತ್ರಿಯಿಡೀ ಬಾಯಿಪಾಠ ಮಾಡಿದ್ದ ಮಾತು ಬೇರೆ ಯಾರದೋ ಬಾಯಿಂದ ಬಂದಂತೆ ಬಂತು.

"ಬಿಮುರ್ಜಾ ಲಷ್ಕಿಯಾನಿ ಅಲ್ಲ. ಅವನು ತಾತಾಶನ ಮಗ ಅಲ್ಲ."

ಯಾರೋ ಕೆಮ್ಮಿದರು.

"ಆ ಬೇಸಿಗೇಲಿ ತಾತಾಶ್ ಕೆಳಸೀಮೆಗೆ ಕೂಲಿಗೆ ಹೋಗಿದ್ದ. ನಿಮಗೆಲ್ಲ ಗೊತ್ತು. ಕಣಿವೆ ಆಚೆಯಿಂದ ಉಪ್ಪು ಮಾರೋನೊಬ್ಬ ಬಂದಿದ್ದ. ನಮ್ಮ ಹುಲ್ಲಿನ ಅಟ್ಟದಲ್ಲಿ ತಂಗಿದ್ದ. ಅವನ ಮಗ."

"ಅವನ ಹೆಸರು?" ಗೆಲಾಖ್ಸಾನ್‌ನ ದನಿ ಸಣ್ಣಗಾಗಿತ್ತು.

"ಕೇಳಲಿಲ್ಲ."

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಆ ಗುಸುಗುಸುವಿಗೆ ಹಳೆಯ ಬೇರಿತ್ತು. ತಾತಾಶ್ ಕೂಲಿಯಿಂದ ವಾಪಸಾದ ಏಳನೇ ತಿಂಗಳಿಗೆ ಬಿಮುರ್ಜಾ ಹುಟ್ಟಿದ್ದ. ಆಗ ಊರು ಬೆರಳು ಮಡಚಿ ಲೆಕ್ಕ ಹಾಕಿತ್ತು. ಹೆರಿಗೆ ಮಾಡಿಸಿದ್ದ ಕೆಕೆಲಾ ಕೂಸನ್ನು ಉಣ್ಣೆ ತುಂಬಿದ ಬುಟ್ಟಿಯಲ್ಲಿಟ್ಟು ಬಾಗಿಲಿಗೆ ತಂದು, "ಬನ್ರೇ, ಕಣ್ಣು ಬಿಟ್ಟು ನೋಡ್ರೇ! ಉಗುರೇ ಬಂದಿಲ್ಲ, ರೆಪ್ಪೆ ಇಲ್ಲ. ಇದು ಏಳು ತಿಂಗಳ ಕೂಸು. ಇನ್ನು ಯಾವಳಾದ್ರೂ ಬಾಯಿ ಬಿಟ್ರೆ ಆ ಬಾಯಿಗೆ ಬೂದಿ ತುಂಬ್ತೀನಿ" ಎಂದಿದ್ದಳು. ಬಾಯಿಗಳು ಮುಚ್ಚಿದ್ದವು. ಈಗ ಮತ್ತೆ ತೆರೆದವು.

ಒತಿಯಾ ಹುಬ್ಬು ಗಂಟಿಕ್ಕಿದ. "ಮಗನ್ನ ಉಳಿಸ್ಕೊಳ್ಳೋಕೆ ಹೆಂಗಸು ಏನು ಬೇಕಾದ್ರೂ ಹೇಳ್ತಾಳೆ. ಕೈ ಇಟ್ಟು ಹೇಳ್ಲಿ. ಗಂಡನ ಮನೆಯೋರೂ ಒಬ್ರು ಜೊತೆಗೆ ಕೈ ಇಡ್ಲಿ. ಕಟ್ಟಳೆ ಅದೇ ತಾನೆ?"

"ಅದೇ" ಎಂದ ಗೆಲಾಖ್ಸಾನ್. "ಮರೆಖಿ, ಕೈ ಇಡು. ಆಣೆ ಮಗನ ತಲೆ ಮೇಲೆ ಹೋಗುತ್ತೆ, ಗೊತ್ತಲ್ಲ? ಸುಳ್ಳಾಗಿದ್ರೆ ಅವನು ಉಳಿಯೋದಿಲ್ಲ."

ಎತ್ತಿದ ಕೈ ಹಾಗೇ ನಿಂತಿತು. ಮಾತನ್ನೆಲ್ಲ ಜೋಡಿಸಿಕೊಂಡು ಬಂದವಳು ಇದನ್ನು ಮರೆತಿದ್ದಳು. ಆಣೆ ತನ್ನ ಮೇಲೆ ಬರಲಿ, ನರಕಕ್ಕೆ ತಾನು ಹೋದರಾಯಿತು ಎಂದುಕೊಂಡಿದ್ದಳು. ಎಂಥ ದಡ್ಡಿ! ಕೈ ಇಟ್ಟರೆ ದೇವರು ಮಗನನ್ನು ಕೊಲ್ಲುತ್ತಾನೆ, ಇಡದಿದ್ದರೆ ಕೊರ್ಶಿಯಾನಿಗಳು ಕೊಲ್ಲುತ್ತಾರೆ. ಅಡಕತ್ತರಿಯ ಎರಡು ಬಾಯಿ. ಬೆಳ್ಳಿಯ ದೇವದೂತ ಅವಳನ್ನೇ ನೋಡುತ್ತಿದ್ದ. ಅವಳ ಕೈ ಹಿಂದೆ ಸರಿಯತೊಡಗಿತು. ಅದನ್ನು ಎಲ್ಲರೂ ನೋಡಿದರು.

ಹಿಂದಿನಿಂದ ಕೋಲಿನ ಸದ್ದು ಬಂತು. ಹೆಂಗಸರು ಸರಿದು ದಾರಿ ಬಿಟ್ಟರು. ಕೆಕೆಲಾ ಬಂದವಳೇ ಸೊಸೆಯ ಕೆನ್ನೆಗೆ ಫಟಾರನೆ ಬಾರಿಸಿದಳು.

"ಕೊನೆಗೂ ಬೊಗಳಿದ್ಯಾ? ಇಷ್ಟು ವರ್ಷ ನಾನು ಸೆರಗಲ್ಲಿ ಕಟ್ಕೊಂಡಿದ್ದ ಕೆಂಡಾನ ಊರ ಮುಂದೆ ಸುರಿದ್ಯಾ?" ಎಂದು ಊರಿನ ಕಡೆ ತಿರುಗಿದಳು. "ಕೇಳ್ರಪ್ಪಾ. ಅವತ್ತು ನಾನೇ ನಿಮ್ಮ ಬಾಯಿ ಮುಚ್ಚಿಸಿದ್ದೆ. ಮನೆ ಮಾನಕ್ಕೆ ಹೆದರಿ ಸುಳ್ಳು ಹೇಳಿದ್ದೆ. ಬುಟ್ಟಿ ದೂರದಿಂದ ತೋರಿಸಿದ್ದೆ, ಯಾರಿಗೂ ಹತ್ರ ಬಿಡಲಿಲ್ಲ, ನೆನಪಿದ್ಯಾ? ಅದು ಏಳು ತಿಂಗಳ ಕೂಸಲ್ಲ. ತುಂಬಿದ ಕೂಸು. ಕರೀ ಕೂದಲು, ಉದ್ದ ಉಗುರು. ನನ್ನ ಮಗನದಲ್ಲ."

ಮರೆಖಿ ಅತ್ತೆಯ ಮುಖ ನೋಡಿದಳು. ಆ ಬುಟ್ಟಿಯ ಮುಂದೆ ಹಗಲೂ ರಾತ್ರಿ ಕೂತು, ಬೆರಳ ತುದಿಯಿಂದ ಹಾಲು ತೊಟ್ಟಿಕ್ಕಿಸಿ, ಉಸಿರು ಆಡುತ್ತಿದೆಯೇ ಎಂದು ಮೂಗಿಗೆ ಗರಿ ಹಿಡಿದು ನೋಡಿದ್ದವಳು ಇದೇ ಮುದುಕಿ.

"ಹಾಗಾದ್ರೆ ಕೈ ಇಡ್ರಿ ಇಬ್ರೂ" ಎಂದ ಒತಿಯಾ. "ಹುಡುಗನ ತಲೆ ಮೇಲೆ."

"ಯಾರ ತಲೆ ಮೇಲೆ?" ಕೆಕೆಲಾ ಕೋಲನ್ನು ಅವನ ಕಡೆ ಚಾಚಿದಳು. "ಉಪ್ಪು ಮಾರೋನ ಮಗನ ತಲೆ ಇಟ್ಟು ನಾನು ಆಣೆ ಮಾಡ್ಲಾ? ಆ ತಲೆಗೆ ಎಷ್ಟು ಬೆಲೆ? ದೇವರ ಮುಂದೆ ಇಡೋದಾದ್ರೆ ಬೆಲೆ ಬಾಳೋದು ಇಡ್ಬೇಕು." ಬರಿಗೈಯನ್ನು ಬೆಳ್ಳಿಯ ಮೇಲೆ ಊರಿದಳು. "ನನ್ನ ಮಾತು ಸುಳ್ಳಾದ್ರೆ ಲಷ್ಕಿಯಾನಿ ಅನ್ನೋ ಹೆಸರು ಈ ನೆಲದ ಮೇಲೆ ಉಳೀಬಾರ್ದು. ಆ ಹೆಸರು ಹೊತ್ತೋನು ಒಬ್ಬನೂ ಬದುಕಬಾರ್ದು. ನಮ್ಮ ಒಲೆ ಆರಿಹೋಗ್ಲಿ. ಏನು ಒತಿಯಾ, ಇದಕ್ಕಿಂತ ದೊಡ್ಡದು ನಿನ್ನ ಹತ್ರ ಏನಾದ್ರೂ ಇದ್ಯಾ?"

ಒತಿಯಾನೂ ಒಂದು ಹೆಜ್ಜೆ ಹಿಂದೆ ಸರಿದ. ಮುದುಕಿ ಸೊಸೆಯ ಮಣಿಕಟ್ಟು ಹಿಡಿದು ಅವಳ ಕೈಯನ್ನೂ ಪಟದ ಮೇಲೆ ಒತ್ತಿದಳು. ಬೆಳ್ಳಿ ಹಿಮಕ್ಕಿಂತ ತಣ್ಣಗಿತ್ತು. ಮೇಲಿದ್ದ ಮುದಿ ಕೈ ಮಾತ್ರ ಬೆಚ್ಚಗೆ ಒತ್ತಿ ಹಿಡಿದಿತ್ತು. ಆಗ ಮರೆಖಿಗೆ ಅರ್ಥವಾಯಿತು. ಅತ್ತೆ ಹುಡುಗನನ್ನು ಆಣೆಯ ದಾರಿಯಿಂದ ಎಳೆದು ಆಚೆಗಿಟ್ಟಿದ್ದಾಳೆ. ದೇವರು ಕೊಂದರೆ ಹೆಸರನ್ನು ಕೊಲ್ಲಬೇಕು, ಹೆಸರು ಕಳಚಿದವನನ್ನಲ್ಲ. ಆದರೆ ಬಿಮುರ್ಜಾ ಎಂದಾದರೂ ನಾನು ಲಷ್ಕಿಯಾನಿ ಎಂದನೋ, ಅಂದೇ ಆ ಆಣೆ ಅವನಿಗೆ ತಟ್ಟುತ್ತದೆ. ಅವನಿಗೆ ನಿಜ ಗೊತ್ತಾದರೆ ಹಾಗೆ ಅನ್ನದೆ ಇರುವವನೇ ಅವನು? ಮೀಸೆ ಚಿಗುರುವ ಹುಡುಗ, ಅಜ್ಜಿಯ ಕಥೆ ತಿಂದು ಬೆಳೆದವನು. ಹಾಗಾದರೆ ಅವನಿಗೆ ಈ ಸುಳ್ಳೇ ನಿಜವಾಗಿರಬೇಕು, ಸಾಯುವವರೆಗೂ.

"ಉಪ್ಪು ತಿಂದೋನು ನೀರು ಕುಡೀಲೇಬೇಕು" ಎಂದು ಒತಿಯಾ ನಗತೊಡಗಿದ. ಅವನ ಕಡೆಯವರೆಲ್ಲ ನಕ್ಕರು. "ಹೋಗ್ಲಿ ಬಿಡ್ರಪ್ಪಾ. ಲಷ್ಕಿಯಾನಿಗಳ ವಂಶ ಉಪ್ಪಿನ ಚೀಲದಲ್ಲಿ ಮುಗೀತು. ಇದಕ್ಕಿಂತ ಒಳ್ಳೇ ಸೇಡು ನಮ್ಮ ಕೋವಿಗೂ ಸಿಗ್ತಿರಲಿಲ್ಲ. ಹೆಸರಿಲ್ಲದ ಹುಡುಗನ ಮೇಲೆ ಯಾವ ಕೊರ್ಶಿಯಾನಿಯೂ ಗುಂಡು ಖರ್ಚು ಮಾಡಲ್ಲ." ಪಟಕ್ಕೆ ತಲೆಬಾಗಿ ತನ್ನವರನ್ನು ಕರೆದುಕೊಂಡು ಹೋದ.

ಹಿಮ ಬಿದ್ದ ಊರಿನಲ್ಲಿ ಮಾತು ಬಹಳ ದೂರ ಹೋಗುತ್ತದೆ. ಅವರು ಮನೆಗೆ ಬಂದಾಗ ಬಿಮುರ್ಜಾ ಒಲೆಯ ಬಳಿ ನಿಂತಿದ್ದ. ಹಾಡುಹಗಲಿನಲ್ಲಿ ಅವನು ಕೆಳಗೆ ಇಳಿದದ್ದು ಅದೇ ಮೊದಲು. ಮೈಮೇಲೆ ಇನ್ನೂ ಅಪ್ಪನ ಅಂಗಿ ಇತ್ತು.

"ನಿಜಾನಾ?"

ಮರೆಖಿ ಸೌದೆ ಸರಿಮಾಡುವ ನೆಪದಲ್ಲಿ ಬಗ್ಗಿದಳು.

"ಅಮ್ಮಾ, ಇಲ್ಲಿ ನೋಡು. ನಿಜಾನಾ?"

ಅವಳು ನೋಡಿದಳು. ತಾತಾಶನದೇ ಹಣೆ, ತಾತಾಶನದೇ ಕಿವಿ. ಊರವರು ಕಣ್ಣಿಟ್ಟು ನೋಡಿದ್ದರೆ ಆಣೆ ಬೇಕಿರಲಿಲ್ಲ. ಆದರೆ ಹುಡುಗ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ದೇವರ ಮೇಲೆ ಕೈ ಇಟ್ಟು ಹೇಳಿದೀನಿ. ಇನ್ನೇನು ಹೇಳ್ಲಿ?" ಎಂದಳು.

ಅವನು ಅಜ್ಜಿಯ ಕಡೆ ತಿರುಗಿದ. ದನಿ ಮಗುವಿನದಾಗಿತ್ತು. "ಅಜ್ಜೀ, ನೀನು ಹೇಳು. ಅವಳು ಹೆದರಿ ಏನೇನೋ ಅಂದಿದಾಳೆ ಅಲ್ವಾ?"

ಕೆಕೆಲಾ ಗೋಡೆಯ ಕಡೆ ಮುಖ ಮಾಡಿ ಶಾಲು ಬಿಚ್ಚುತ್ತಿದ್ದಳು. "ಯಾರೋ ನಿಂಗೆ ಅಜ್ಜಿ?" ಎಂದಳು. "ಆ ಅಂಗಿ ಬಿಚ್ಚು. ಅದು ನನ್ನ ಮಗಂದು."

ಬಿಮುರ್ಜಾ ಅಂಗಿ ಬಿಚ್ಚಿ ನೆಲಕ್ಕೆ ಬಿಟ್ಟ. ತನ್ನ ಹಳೆಯ ಕುರಿಯುಣ್ಣೆಯ ಕೋಟು ತೊಟ್ಟುಕೊಂಡ. "ಕೊರ್ಶಿಯಾನಿಗಳು ಕೊಂದಿದ್ರೆ ಚೆನ್ನಾಗಿತ್ತು" ಎಂದ. "ಲಷ್ಕಿಯಾನಿ ಆಗಿ ಸಾಯ್ತಿದ್ದೆ. ನೀನು ನನ್ನ ಹೆಸರಿಲ್ದೆ ಬದುಕಿಸಿದೀಯ. ಇನ್ನು ನಿನ್ನ ಮುಖ ನೋಡಲ್ಲ."

ಬಾಯಿಗೆ ಬಂದ ನಿಜವನ್ನು ಮರೆಖಿ ಹಲ್ಲು ಕಚ್ಚಿ ನುಂಗಿದಳು. ಒಂದು ಮಾತು ಸಾಕಿತ್ತು. ಆ ಮಾತು ಹೇಳಿದರೆ ಅವನು ತಬ್ಬಿಕೊಳ್ಳುತ್ತಿದ್ದ, ವಾರದೊಳಗೆ ಸಾಯುತ್ತಿದ್ದ.

ಕೆಕೆಲಾ ಒಲೆಯ ಮೇಲಿನ ಹಲಗೆಯಿಂದ ರೊಟ್ಟಿಯ ಗಂಟನ್ನು ತೆಗೆದು ಅವನ ಕಾಲ ಬಳಿ ಎಸೆದಳು. ಬೆಳಿಗ್ಗೆ ಸೊಸೆ ಹೊರಟ ಮೇಲೆ ಸುಟ್ಟ ಮಾಂಸದ ರೊಟ್ಟಿಗಳು. ಮನೆಯಲ್ಲಿದ್ದ ಮಾಂಸವೆಲ್ಲ ಅದರೊಳಗಿತ್ತು. "ನಾಯಿಗೆ ಹಾಕೋಣ ಅಂತಿದ್ದೆ. ತಗೊಂಡು ತೊಲಗು. ಕೆಳಗಿನ ದಾರೀಲಿ ಹಿಮ ಜಾರ್ತಿದೆ, ಎಡಗಡೆ ಹಿಡಿದು ಹೋಗು. ಎಲ್ಲಾದ್ರೂ ಬಿದ್ದು ನಮ್ಮ ಊರಿನ ಮೇಲೆ ಹೆಣ ಹೊರಿಸ್ಬೇಡ."

ಅವನು ಗಂಟು ಎತ್ತಿಕೊಂಡು ಬಾಗಿಲು ದಾಟಿದ. ಮರೆಖಿ ಕೆಳಮನೆಯ ಕಿಂಡಿಗೆ ಕಣ್ಣಿಟ್ಟು ನಿಂತಳು. ಬಯಲಿಗೆ ಬಂದವನು ಕಣ್ಣಿಗೆ ಕೈ ಅಡ್ಡ ಹಿಡಿದ. ಕೆಲವೇ ಹೆಜ್ಜೆ ನಡೆದು ತಟ್ಟನೆ ನಿಂತ, ತಿರುಗಲು ಹೊರಟ. ಗೋಪುರದೊಳಗೆ ಅಷ್ಟು ಹೆಜ್ಜೆಗೆ ಗೋಡೆ ಬರುತ್ತಿತ್ತು. ಗೋಡೆಯಿಲ್ಲವೆಂದು ಕಾಲಿಗೆ ತಿಳಿಯಲು ಕೊಂಚ ಹೊತ್ತು ಬೇಕಾಯಿತು. ಆಮೇಲೆ ಮುಂದೆ ಹೋದ. ಸೇಬಿನ ಮರದ ಬಳಿ ನಿಂತು ಅದನ್ನು ಬುಡದಿಂದ ತುದಿಯವರೆಗೆ ನೋಡಿದ. ಮನೆಯ ಕಡೆ ತಿರುಗಿ ನೋಡಲಿಲ್ಲ.

ಸಂಜೆಯೊಳಗೆ ಮರೆಖಿಯ ಅಣ್ಣನಿಂದ ಮಾತು ಬಂತು. ಮನೆಗೆ ಅಂಟಿದ ಕೊಳೆಯನ್ನು ತಾನೇ ಬಂದು ತೊಳೆಯುತ್ತಾನಂತೆ. ಹೆಸರು ಕೊಡಲಾರದವನಿಗೆ ತಂಗಿಯ ಕತ್ತು ಕೊಯ್ಯುವ ಶಕ್ತಿ ಇತ್ತು. ಊರವರೂ, ಇಂಥವಳನ್ನು ಹೊರಗೆ ಹಾಕು ಎಂದು ಕೆಕೆಲಾಳ ಬಾಗಿಲಿಗೆ ಬಂದರು.

"ಹೊರಗೆ ಹಾಕ್ಬೇಕಂತೆ! ಹಾಕಿದ್ರೆ ಎಲ್ಲಾದ್ರೂ ಸುಖವಾಗಿರ್ತಾಳೆ" ಎಂದು ಮುದುಕಿ ಕೋಲು ಕುಟ್ಟಿದಳು. "ಅವಳು ಅದೇ ಗೋಪುರದಲ್ಲಿ ಕೊಳೀಬೇಕು. ಏಣಿ ನನ್ನ ಕೈಲಿರುತ್ತೆ. ಇವಳಿಗೆ ಶಿಕ್ಷೆ ಕೊಡೋಳು ನಾನು, ಬೇರೆ ಯಾರೂ ಕೈ ಹಾಕ್ಬೇಡಿ."

ಭಲೇ ಮುದುಕಿ ಎಂದು ಊರು ಹೊಗಳಿ ಹೋಯಿತು. ಗೋಪುರದೊಳಗೆ ಇರುವವರನ್ನು ಯಾರೂ ಮುಟ್ಟುವಂತಿಲ್ಲ ಎಂಬುದು ಆ ಹೊಗಳಿಕೆಯ ಭರದಲ್ಲಿ ಯಾರಿಗೂ ನೆನಪಾಗಲಿಲ್ಲ. ಮರೆಖಿ ಏಣಿ ಹತ್ತಿದಳು. ಮಗನ ಹಾಸಿಗೆಯ ಹುಲ್ಲಿನಲ್ಲಿ ಅವನ ಮೈಯ ತಗ್ಗು ಹಾಗೇ ಇತ್ತು. ಕಿಂಡಿಯಿಂದ ನೋಡಿದಳು. ಹೌದು, ಅರ್ಧ ಮರ.

ಸತ್ತವರ ವಾರ ಬಂತು. ಮೊದಲ ಸಂಜೆ ಕೆಳಗೆ ಹುರುಳಿಯ ಗಂಜಿಯ, ಬೆಳ್ಳುಳ್ಳಿ ಉಪ್ಪಿನ ವಾಸನೆ ಎದ್ದಿತು. ಬಾಗಿಲು ತೆರೆದ ಸದ್ದಾಯಿತು. ಈ ಮನೆಯಲ್ಲಿ ತಾತಾಶನನ್ನು ಕರೆಯುವ ಹಕ್ಕು ಮರೆಖಿಗೆ ಈಗ ಇರಲಿಲ್ಲ. ಅವನು ಬಂದರೂ ತನ್ನನ್ನು ಹೇಗೆ ನೋಡಬೇಕು? ಮೂರೂ ಲೋಕ ಆ ಆಣೆಯನ್ನು ಕೇಳಿಸಿಕೊಂಡಿತ್ತಲ್ಲ. ಅವಳು ಏಣಿಯ ಕಂಡಿ ಮುಚ್ಚಿದ ನೆಲದ ಬಂಡೆಯ ಸಂದಿಗೆ ಕಿವಿ ಹಚ್ಚಿ ಮಲಗಿದಳು.

"ಬಾರಪ್ಪಾ ತಾತಾಶ್, ಬಾ" ಎನ್ನುತ್ತಿದ್ದಳು ಕೆಕೆಲಾ. "ತಮ್ಮನ್ನೂ ಕರ್ಕೊಂಡು ಬಂದ್ಯಾ? ಕೂತ್ಕೊಳ್ಳಿ. ಕಾಲು ಒರೆಸ್ಕೊಂಡು ಬನ್ರೋ, ಸತ್ರೂ ಬುದ್ಧಿ ಬರ್ಲಿಲ್ಲ ನಿಮಗೆ." ಸ್ವಲ್ಪ ಹೊತ್ತು ಬಟ್ಟಲುಗಳ ಸದ್ದು. ಆಮೇಲೆ ಮುದುಕಿಯ ದನಿ ತಗ್ಗಿತು. ಹೊರಗಿನವರಿಗೆ ಕೇಳಬಾರದಂತೆ, ಮೇಲಿನವಳಿಗೆ ಕೇಳುವಂತೆ. "ಮಗಾ, ಊರಿಗೆ ಒಂದು ಹೇಳಿದೀನಿ. ದೇವರಿಗೂ ಅದನ್ನೇ ಹೇಳಿದೀನಿ. ನಿಂಗೆ ಮಾತ್ರ ನಿಜ ಹೇಳ್ತೀನಿ, ಕೇಳಿಸ್ಕೊ. ಅವನು ನಿನ್ನ ಮಗಾನೇ. ಉಗುರಿಲ್ದೆ ಹುಟ್ಟಿದ ಕ್ಷಣದಿಂದ ನಿನ್ನ ಕಿವಿ ಹೊತ್ಕೊಂಡೇ ಇದಾನೆ. ನಿನ್ನ ಹೆಂಡತಿ ನಿನ್ನ ಬಿಟ್ಟು ಇನ್ನೊಬ್ಬನ್ನ ಕಣ್ಣೆತ್ತಿ ನೋಡಿದೋಳಲ್ಲ. ಮಗ ಬದುಕ್ಲಿ ಅಂತ ತನ್ನ ಮಾನ ಸುಟ್ಕೊಂಡಿದಾಳೆ. ನಾನು ನಿಮ್ಮ ಹೆಸರು ಸುಟ್ಟೆ. ನಂಗೂ ಬೇರೆ ದಾರಿ ಇರ್ಲಿಲ್ಲ ಕಣೋ. ಆ ತೂತಿನ ಮೇಲೆ ಬೆರಳಿಟ್ಟಾಗ ಒಳಗೆ ಅವನ ಎದೆ ಹೊಡ್ಕೊಳ್ತಿತ್ತು. ನಿಂದು ಹೊಡ್ಕೊಳ್ದೇ ಇದ್ದಿದ್ದೂ ಇದೇ ಬೆರಳಿಗೆ ಗೊತ್ತು."

ಮುದುಕಿ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ನಾನಿರೋ ತನಕ ನಿಮ್ಮ ಊಟಕ್ಕೆ ಮೋಸ ಇಲ್ಲ. ಆಮೇಲೆ ಹಸಿವಾದ್ರೆ ತಡ್ಕೊಳ್ಳಿ. ಈಗ ಬೇಗ ಬೇಗ ಉಣ್ಣಿ. ಮೇಲೆ ನಿನ್ನ ಹೆಂಡತಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಗಂಜಿ ಆರಿಹೋಗುತ್ತೆ."

ಮರೆಖಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅವರು ಉಂಡು ಮುಗಿಸುವ ತನಕ ಅಲುಗಾಡಬಾರದು, ಅಲುಗಾಡಲಿಲ್ಲ.

ಹಿಮ ಕರಗಿ ದಾರಿ ತೆರೆದ ಮೇಲೆ ಚಿಚಿಕೋ ಎಂಬ ಬೇಟೆಗಾರ ಕೆಳಸೀಮೆಯಿಂದ ಬಂದ. ಚರ್ಮ ಮಾರಲು ಹೋಗಿದ್ದವನು, ಬಾಯಿ ಸುಮ್ಮನಿರದವನು. ಕೆಕೆಲಾಳ ಬಾಗಿಲಲ್ಲಿ ನಿಂತು ಕೂಗಿದ.

"ಅಜ್ಜೀ, ನಿಮ್ಮ ಉಪ್ಪಿನವನ ಮಗನ್ನ ನೋಡ್ದೆ! ನದೀಲಿ ಮರದ ದಿಮ್ಮಿ ತೇಲಿಸೋ ಕೆಲಸಕ್ಕೆ ಸೇರಿದಾನೆ."

"ನಂಗ್ಯಾಕೋ ಹೇಳ್ತೀಯ ಅವನ ಸುದ್ದಿ?" ಎನ್ನುತ್ತಲೇ ಕೆಕೆಲಾ ಅವನಿಗೆ ಮಣೆ ಹಾಕಿದಳು, ಸಾರಾಯಿ ಸುರಿದಳು. ಮೇಲೆ ಏಣಿಯ ಕಂಡಿಯ ಬಂಡೆ ಒಂದು ಬೆರಳಿನಷ್ಟು ಸರಿಯಿತು.

"ಕೆಲಸಕ್ಕೆ ತಗೊಳ್ಳೋವಾಗ ಮೇಸ್ತ್ರಿ ಕೇಳ್ದ, ಯಾರ ಪೈಕಿ ನೀನು ಅಂತ. ಇವನು ಸುಮ್ನೆ ನಿಂತಿದ್ದ. ಲಾಖ್ರಿಯೋನಾ, ಲಷ್ಕಿಯಾನಿನಾ ಅಂತ ಮತ್ತೆ ಕೇಳ್ದ. ಇವನ ಮುಖ ಕೆಂಪಗಾಯ್ತು. ನೆಲಕ್ಕೆ ಉಗಿದು, 'ನಾನು ಯಾವ ಲಷ್ಕಿಯಾನಿನೂ ಅಲ್ಲ. ಮರೆಖಿ ಮಗ. ಮರೆಖಿಯಾನಿ ಅಂತ ಬರ್ಕೊ' ಅಂದ. ಎಲ್ರೂ ನಕ್ರು. ಅಮ್ಮನ ಹೆಸರು ಇಟ್ಕೊಂಡೋನು ಅಂತ. ಈಗ ಅಲ್ಲಿ ಎಲ್ರೂ ಅವನ್ನ ಹಾಗೇ ಕರೀತಾರೆ."

"ಚಿಚಿಕೋ." ಮೇಲಿನಿಂದ ದನಿ ಬಂತು. ಎಷ್ಟೋ ದಿನದಿಂದ ಯಾರೊಡನೆಯೂ ಮಾತಾಡದ ದನಿ, ಒಡೆದಿತ್ತು. ಚಿಚಿಕೋ ಬೆಚ್ಚಿ ಸಾರಾಯಿ ಚೆಲ್ಲಿದ.

"ಅವನು ನಡೆಯೋದು ಹೇಗಿದೆ? ಕಾಲು?"

"ಕಾಲಿಗೇನು? ತೇಲೋ ದಿಮ್ಮಿ ಮೇಲೆ ಮೇಕೆ ಥರ ಓಡ್ತಾನೆ."

ಕೆಕೆಲಾ ಬಗ್ಗಿ ಚೆಲ್ಲಿದ ಸಾರಾಯಿ ಒರೆಸತೊಡಗಿದಳು, ಎಷ್ಟು ಒರೆಸಿದರೂ ಎದ್ದು ನಿಲ್ಲಲಿಲ್ಲ.

"ಆ ಹೆಸರು" ಎಂದಿತು ಮೇಲಿನ ದನಿ. "ಅವನು ಹೇಗೆ ಹೇಳ್ದ ಅದನ್ನ?"

"ಹೇಳಿದ್ನಲ್ಲಮ್ಮಾ, ಸಿಟ್ಟಲ್ಲಿ. ಉಗಿದು ಹೇಳ್ದ."

"ಉಗೀಲಿ, ಪರವಾಗಿಲ್ಲ. ಹೇಗೆ ಹೇಳ್ದ? ಇನ್ನೊಂದ್ಸಲ ಹೇಳಪ್ಪಾ."